ಹೆರಿಗೆ ಕೋಣೆಗೆ ಕಂಬಳಿ ಹೊದ್ದು ಬಂದ ಅತ್ತೆ

ಸ್ವಲ್ಪ ತಾಳಿ. ಬೆರಳಿನಿಂದ ಮೇಲಕ್ಕೆ ಸರಿಸಿ ಮುಂದಿನದಕ್ಕೆ ಹೋಗಿಬಿಡಬೇಡಿ. ಯಲ್ಲದಕೆರೆ ಕಡೆಯ ಒಂದು ಕುರಿಹಟ್ಟಿಯಿಂದ ಕಂಬಳಿ ಹೊದ್ದ ಅತ್ತೆಯೊಬ್ಬರು ನಮ್ಮ ಹೆರಿಗೆ ಕೋಣೆಯೊಳಗೆ ಬಂದ ಕಥೆ ಇದರಲ್ಲಿದೆ. ಅದನ್ನು ಈಗಲೇ ಹೇಳಿದರೆ ಅದರಲ್ಲೇನು ವಿಶೇಷ ಅನ್ನಿಸುತ್ತದೆ. ಅದಕ್ಕೇ ಕಾಯಿರಿ ಅನ್ನುತ್ತಿದ್ದೇನೆ.

ನಾನು ನರ್ಸ್ ಆಗಿದ್ದವಳು. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ, ಕೊನೆಗೆ ಹಿರಿಯೂರು ಕಡೆ, ಹೀಗೆ ನಮ್ಮ ಜಿಲ್ಲೆಯೊಳಗೇ ಸುತ್ತಿ ಸುತ್ತಿ ನಿವೃತ್ತಳಾದೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಅನ್ನುವುದೆಲ್ಲ ಬೇಡ, ಓದುವವರಿಗೆ ನಿದ್ದೆ ಬರುತ್ತದೆ. ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಈಗಷ್ಟೇ ನಾನೇ ಕಲಿತಿದ್ದೇನೆ, ಬೆರಳು ನಿಲ್ಲುತ್ತಿಲ್ಲ. ಓದು ಮುಗಿಸಿ ಹೆರಿಗೆ ವಾರ್ಡಿಗೆ ಕಾಲಿಡುವ ಹುಡುಗಿಯರೇ, ಹುಡುಗರೇ, ಪುಸ್ತಕದಲ್ಲಿ ಇಲ್ಲದ ಒಂದಿಷ್ಟನ್ನು ನಿಮಗೆ ಹೇಳಬೇಕು.

ಮೊದಲು ನನ್ನ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ. ಹೊಳಲ್ಕೆರೆಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ಅಲ್ಲಿ ನನ್ನ ಮೇಲಿದ್ದವರು ಹೆಡ್ ಸಿಸ್ಟರ್ ವಿಮಲಮ್ಮ. ಎತ್ತರದ ಆಳು, ದೊಡ್ಡ ದನಿ. ಅವರು ವರಾಂಡದಲ್ಲಿ ಒಮ್ಮೆ ಕೆಮ್ಮಿದರೆ ಸಾಕು, ವಾರ್ಡಿನೊಳಗೆ ನಾವು ಹಾಸಿಗೆಯ ಸುಕ್ಕು ತೆಗೆಯಲು ಓಡುತ್ತಿದ್ದೆವು. ಒಂದು ಮಧ್ಯಾಹ್ನ ಎರಡನೇ ಹೆರಿಗೆಗೆ ಬಂದಿದ್ದ ಹೆಂಗಸು ನನ್ನನ್ನು ಕರೆದು ಮೆಲ್ಲಗೆ ಹೇಳಿದಳು.

"ಸಿಸ್ಟರೇ, ಎರಡಕ್ಕೆ ಹೋಗ್ಬೇಕು ಅನ್ನಸ್ತೈತೆ."

"ಹೋಗಿ ಬಾರಮ್ಮ, ಅದಕ್ಕೆ ನನ್ನೇನ್ ಕೇಳ್ತೀಯ? ಆ ಮೂಲೇಲೈತೆ ನೋಡು" ಎಂದು ದಾರಿ ತೋರಿಸಿ, ನಾನು ಹತ್ತಿ ಉಂಡೆ ಮಾಡುತ್ತಾ ಕೂತೆ.

ವಿಮಲಮ್ಮ ಬಂದವರು ಖಾಲಿ ಮಂಚ ನೋಡಿದರು. "ಎಲ್ಲೇ ಅವಳು?"

"ಕಕ್ಕಸಿಗೆ ಹೋದ್ರು ಮೇಡಂ."

"ಅಯ್ಯೋ ನಿನ್ನ! ಕೂಸು ಬರ್ತೈತೆ ಕಣೇ!"

ಆ ದೊಡ್ಡ ಶರೀರ ಅಷ್ಟು ಜೋರಾಗಿ ಓಡಿದ್ದನ್ನು ನಾನು ಆಮೇಲೆ ಎಂದೂ ನೋಡಲಿಲ್ಲ. ಕಕ್ಕಸಿನ ಬಾಗಿಲಲ್ಲೇ ವಿಮಲಮ್ಮನ ಎರಡು ಕೈಗಳೊಳಗೆ ಗಂಡುಮಗು ಬಂದು ಬಿತ್ತು. ತಾಯಿ ಸುಧಾರಿಸಿಕೊಂಡ ಮೇಲೆ ನಗುತ್ತಾ, "ಇವನಿಗೆ ನಿಮ್ಮ ಮಂಚ ಹಿಡಿಸ್ಲಿಲ್ಲ ನೋಡ್ರಿ" ಎಂದಳು. ವಿಮಲಮ್ಮ ನಗಲಿಲ್ಲ. ಮಗುವಿನ ತಲೆ ಕೆಳಗಿಳಿದು ಒತ್ತಿದಾಗ ತಾಯಿಗೆ ಹಾಗೆಯೇ ಅನ್ನಿಸುತ್ತದೆ ಎನ್ನುವುದನ್ನು ನಾನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಬರೆದದ್ದು ಎದುರಿಗೆ ಬಂದು ನಿಂತಾಗ ಗುರುತು ಸಿಗಲಿಲ್ಲ, ಅಷ್ಟೇ. ನೀವು ಹಾಗೆ ಮಾಡಬೇಡಿ. ನೋವು ತಿನ್ನುತ್ತಿರುವವಳು ಎರಡಕ್ಕೆ ಅಂದರೆ ಮೊದಲು ಕೈಗವಸು ಹಾಕಿಕೊಳ್ಳಿ, ಆಮೇಲೆ ಬೇರೆ ಮಾತು.

ಆಗಿನ ಪದ್ಧತಿಯೇ ಬೇರೆ. ನೋವು ಶುರುವಾಗಿ ಬಂದವಳನ್ನು ಮಂಚದ ಮೇಲೆ ಅಂಗಾತ ಮಲಗಿಸುತ್ತಿದ್ದೆವು. ಏಳುವಂತಿಲ್ಲ, ಓಡಾಡುವಂತಿಲ್ಲ, ನೀರು ಕೇಳಿದರೂ ತುಟಿ ಒದ್ದೆ ಮಾಡುವಷ್ಟೇ. ಮನೆಯವರೆಲ್ಲ ಬಾಗಿಲಾಚೆ. ಕೂಗಿದರೆ ಬೈಗುಳ. ವಿಮಲಮ್ಮ ಕೆಟ್ಟವರಲ್ಲ. ಅವರ ಕೈ ಬೆಣ್ಣೆಯಂಥದ್ದು, ಬಾಯಿ ಮಾತ್ರ ಹಾಗಿರಲಿಲ್ಲ. ಎಲ್ಲರೂ ಹಾಗೇ ಕಲಿತಿದ್ದರು, ನಾವೂ ಅವರಿಂದ ಹಾಗೇ ಕಲಿತೆವು.

ಅದು ಬದಲಾಗಲು ಶುರುವಾದದ್ದು ಚಿತ್ರದುರ್ಗದಲ್ಲಿ ನಮಗೆಲ್ಲ ಒಂದು ತರಬೇತಿ ಕೊಟ್ಟಾಗ. ಕಲಿಸಲು ಬಂದಿದ್ದ ಮೇಡಂ ಪಾಠ ಮಾಡಲೇ ಇಲ್ಲ. "ನಿಮ್ಮಲ್ಲಿ ಒಬ್ರು ಬಂದು ಹೆರಿಗೆ ಟೇಬಲ್ ಮೇಲೆ ಮಲಗ್ರಿ" ಎಂದರು. ಹೊಸದುರ್ಗದಿಂದ ಬಂದಿದ್ದ ದಪ್ಪನೆಯ ಸಿಸ್ಟರ್ ಒಬ್ಬರು ಧೈರ್ಯವಾಗಿ ಹೋಗಿ ಮಲಗಿದರು. ಕಾಲು ಎತ್ತಿ ಇಡಿಸಿದರು. ನಾವೆಲ್ಲ ಸುತ್ತ ನಿಂತು ನೋಡುತ್ತಿದ್ದೆವು. ಮೇಡಂ ಬೇಕಂತಲೇ ಬೇರೆ ಏನೋ ಮಾತಾಡುತ್ತಾ ನಿಂತರು.

"ಮೇಡಂ, ಸೊಂಟ ಹಿಡ್ಕಂತು. ಎಬ್ಬಿಸ್ರಿ."

"ಸ್ವಲ್ಪ ಸುಮ್ನೆ ಮಲಕ್ಕಳ್ರಿ."

"ಅಯ್ಯೋ ಎಬ್ಬಿಸ್ರೇ ಯಾರಾದ್ರು, ನಿಮ್ಮ ದಮ್ಮಯ್ಯ!"

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಮೇಡಂ ನಗುತ್ತಲೇ ಕೇಳಿದರು, "ಇವ್ರಿಗೆ ನೋವೂ ಇಲ್ಲ, ಹೊಟ್ಟೇಲಿ ಕೂಸೂ ಇಲ್ಲ. ಇದ್ದೋಳಿಗೆ ನಾವೇನಂತೀವಿ?" ನಗು ಅಲ್ಲೇ ನಿಂತಿತು. ಹೆರುವವಳು ಓಡಾಡಲಿ, ನೀರೋ ಗಂಜಿಯೋ ಕುಡಿಯಲಿ, ಅವಳಿಗೆ ಬೇಕಾದ ಒಬ್ಬ ಹೆಂಗಸು ಕೊನೆಯವರೆಗೂ ಪಕ್ಕದಲ್ಲಿ ಇರಲಿ ಎನ್ನುವುದನ್ನು ಅಲ್ಲಿ ಕಲಿತುಕೊಂಡು ಬಂದೆ.

ಆಮೇಲೆ ನನಗೆ ವರ್ಗವಾದದ್ದು ಹಿರಿಯೂರಿನಿಂದ ಒಳಗೆ ಹೋಗುವ ರಸ್ತೆಯ ಒಂದು ಚಿಕ್ಕ ಆಸ್ಪತ್ರೆಗೆ. ಹೋಗಿ ನೋಡಿದರೆ ಹೆಡ್ ಸಿಸ್ಟರ್ ಕುರ್ಚಿಯಲ್ಲಿ ಮತ್ತೆ ವಿಮಲಮ್ಮ! "ಬಂದ್ಯಾ? ಕಕ್ಕಸು ಎಲ್ಲೈತೆ ಅಂತ ಮೊದ್ಲು ನೋಡ್ಕ" ಎಂದರು. ನಾನು ತರಬೇತಿಯಲ್ಲಿ ಕಲಿತದ್ದನ್ನು ಹೇಳಿದೆ. "ಒಬ್ಬೊಬ್ಬಳ ಜೊತೆ ಒಬ್ಬೊಬ್ರು ಒಳಗೆ ಬಂದ್ರೆ ಇದು ಹೆರಿಗೆ ಕೋಣೆ ಆಗಲ್ಲ, ಸಂತೆ ಆಗ್ತೈತೆ" ಎಂದು ತಳ್ಳಿಹಾಕಿದರು.

ಅಲ್ಲಿಗೆ ತಪಾಸಣೆಗೆ ಬರುತ್ತಿದ್ದವಳು ಚಿತ್ತಮ್ಮ. ಕುರಿಹಟ್ಟಿಯ ಸೊಸೆ, ಎರಡನೇ ಬಸಿರು. ಹೊಟ್ಟೆಯ ಮೇಲೆ ಯಂತ್ರ ಇಟ್ಟು ಮಗುವಿನ ಎದೆಬಡಿತ ಕೇಳಿಸಿದೆ. ನನಗೆ ಎಷ್ಟು ಸಲ ಕೇಳಿದರೂ ಬೇಸರವಾಗದ ಸದ್ದು ಅದು. ಹೆಚ್ಚಿನವರು ನಗುತ್ತಾರೆ. ಇವಳು ಅತ್ತಳು.

"ಮೊದ್ಲಿಂದು ಗುಡ್ಲಲ್ಲಿ ಹುಟ್ಟಿತ್ತು ನರ್ಸಮ್ಮ" ಎಂದಳು. "ಚಳಿಗಾಲ. ಸಣ್ಣಕಿತ್ತು. ಉಳೀಲಿಲ್ಲ."

ಅವಳ ಹಟ್ಟಿಯಲ್ಲೊಂದು ಕಟ್ಟು ಇತ್ತು. ಹೆರಿಗೆ ಹಟ್ಟಿಯೊಳಗೆ ಆಗಬಾರದು. ಹಟ್ಟಿಯ ಹೊರಗೆ ಒಂದು ಪುಟ್ಟ ಗುಡಿಸಲು. ಹೆತ್ತವಳು ಕೂಸಿನೊಂದಿಗೆ ಸೂತಕ ಕಳೆಯುವವರೆಗೆ ಅಲ್ಲೇ ಇರಬೇಕು. ಊಟವನ್ನು ದೂರದಲ್ಲಿಟ್ಟು ಹೋಗುತ್ತಾರೆ. ಅವಳನ್ನು ಮುಟ್ಟಿದವರೂ ಅವಳ ಜೊತೆಗೇ ಹೊರಗೆ ಉಳಿಯಬೇಕು. ಹಾಗಾಗಿ ಯಾರೂ ಮುಟ್ಟುತ್ತಿರಲಿಲ್ಲ.

"ಈ ಸಲ ಇಲ್ಲಿಗೇ ಬಂದ್ಬಿಡು" ಎಂದೆ.

"ಬರ್ತೀನಿ. ಆದ್ರೆ ಇಲ್ಲೂ ಒಬ್ಬಳನ್ನೇ ಮಲಗಿಸ್ತೀರಂತೆ? ಅಲ್ಲೂ ಒಬ್ಬಳೇ, ಇಲ್ಲೂ ಒಬ್ಬಳೇ ಆದ್ರೆ ಯಾಕೆ ಬರ್ಲಿ?"

"ನಾನಿರ್ತೀನಲ್ಲ."

"ನೀವು ಇನ್ನೊಬ್ರನ್ನ ನೋಡಾಕೆ ಹೋಗಲ್ವಾ?" ಎಂದಳು. ಅವಳೇ ಮುಂದುವರಿಸಿದಳು. "ಇಲ್ಲಿ ಹೆತ್ರೂ ತಿರುಗಿ ಗುಡ್ಲಿಗೇ ತಾನೆ ಕಳಿಸಾದು? ಈ ಕೂಸನ್ನ ಅಲ್ಲಿಗೆ ಒಯ್ಯಲ್ಲ ನರ್ಸಮ್ಮ."

ಆ ಮಾತು ನನ್ನನ್ನು ಅವಳ ಹಟ್ಟಿಯವರೆಗೆ ಎಳೆದುಕೊಂಡು ಹೋಯಿತು. ಕುರಿಗಳು ಮರಿ ಹಾಕುವ ಕಾಲ. ಚಿತ್ತಮ್ಮನ ಅತ್ತೆ ಈರಕ್ಕ ಕಂಬಳಿ ಹೊದ್ದು ದೊಡ್ಡಿಯಲ್ಲಿ ಕೂತು, ನೋವು ತಿನ್ನುತ್ತಿದ್ದ ಕುರಿಯ ಬೆನ್ನು ಸವರುತ್ತಿದ್ದರು. ಜಗಲಿಯ ಮೇಲೆ ಅವರ ಗಂಡ ಕರಿಯಪ್ಪ. ಹಟ್ಟಿಯ ಹಿರಿಯರಲ್ಲಿ ಒಬ್ಬರು, ನ್ಯಾಯ ಹೇಳುವವರು.

"ಸೊಸೆ ಜೊತೆ ಒಬ್ರು ಬರ್ಬೇಕು. ಗುಡ್ಲಿಗೆ ಮಾತ್ರ ಕಳಿಸ್ಬ್ಯಾಡ್ರಿ" ಎಂದೆ.

"ಅದಾಗಲ್ಲ ತಾಯಿ" ಎಂದರು ಕರಿಯಪ್ಪ. "ಹಿರೇರು ಮಾಡಿಟ್ಟಿದ್ದು. ಮುಟ್ಟಿದೋರು ಹೊರಗಿರ್ಬೇಕು. ಇವ್ಳು ಹೊರಗೆ ಕುಂತ್ರೆ ಮನೇಲಿ ಮುದ್ದೆ ಯಾರ್ ಮಾಡ್ತಾರೆ?"

"ನಿನಗೆ ಮುದ್ದೇದೇ ಚಿಂತೆ" ಎಂದರು ಈರಕ್ಕ, ಕುರಿಯ ಬೆನ್ನಿನಿಂದ ಕೈ ತೆಗೆಯದೆ. ನನಗೆ ಟೀ ಕೊಟ್ಟು ಕಳಿಸಿದರು. ಕೆಲಸ ಕೆಟ್ಟಿತು ಎಂದುಕೊಂಡೇ ಹಿಂದಿರುಗಿದೆ.

ಒಂದು ದಿನ ಬೆಳಿಗ್ಗೆ ಆಂಬುಲೆನ್ಸ್ ಬಂದು ನಿಂತಿತು. ಚಿತ್ತಮ್ಮ ಹೊಟ್ಟೆ ಹಿಡಿದುಕೊಂಡು ಇಳಿದಳು. ಅವಳ ಹಿಂದೆಯೇ ಒಂದು ಕಂಬಳಿ ಇಳಿಯಿತು. ಕಂಬಳಿಯೊಳಗೆ ಈರಕ್ಕ!

"ಬಂದ್ಬಿಟ್ಟೆ ನರ್ಸಮ್ಮ. ನಮ್ಮ ಯಜಮಾನ ಬ್ಯಾಡ ಅಂದ. ಹಂಗಾದ್ರೆ ನೀನೇ ಹೋಗಿ ಕೈ ಹಿಡ್ಕ ಅಂದೆ. ಬಾಯಿ ಮುಚ್ಕಂಡ."

ಬಾಗಿಲಲ್ಲಿ ವಿಮಲಮ್ಮ ಅಡ್ಡ ನಿಂತರು. "ಯಾರ್ರೀ ನೀವು?"

"ಇವ್ಳ ಅತ್ತೆ."

"ಅತ್ತೆ ಆದ್ರೇನು, ಹೊರಗೆ ಕುಂತ್ಕಳ್ರಿ."

"ಹೊರಗೆ ಕುಂತ್ಕಳಂಗಿದ್ರೆ ಹಟ್ಟೀಲೇ ಕುಂತ್ಕತಿದ್ದೆ. ಇಷ್ಟ್ ದೂರ ಯಾಕ್ ಬರ್ಲಿ?"

ವಿಮಲಮ್ಮನಿಗೆ ಯಾರೂ ಹಾಗೆ ಉತ್ತರ ಕೊಟ್ಟದ್ದನ್ನು ನಾನು ನೋಡಿರಲಿಲ್ಲ. ಒಳಗಿನಿಂದ ಬಂದ ನಮ್ಮ ಡಾಕ್ಟ್ರಮ್ಮ, ವಯಸ್ಸಿನಲ್ಲಿ ಚಿಕ್ಕವರು, ಕೇಳಿಸಿಕೊಂಡು ಹೇಳಿದರು, "ಜೊತೆಗೊಬ್ರನ್ನ ಬಿಡಿ ಅಂತ ಆದೇಶಾನೇ ಬಂದೈತಲ್ಲ ಸಿಸ್ಟರ್. ಒಂದ್ಸಲ ಮಾಡಿ ನೋಡಾಣ."

"ಮಾಡಾಣ ಮೇಡಂ. ಆದ್ರೆ ಆ ಕಂಬಳಿ ನನ್ನ ಹೆರಿಗೆ ಕೋಣೆಗೆ ಬರಂಗಿಲ್ಲ."

"ಕಂಬ್ಳಿ ತೆಗೆದ್ರೆ ನನಗೆ ಸೀರೆ ಉಟ್ಟಂಗೇ ಇರಲ್ಲ" ಎಂದರು ಈರಕ್ಕ. ಇಬ್ಬರೂ ಬಾಗಿಲಲ್ಲೇ ಜಗ್ಗಾಡಿದರು. ಕೊನೆಗೆ ಒಂದು ರಾಜಿ ಆಯಿತು. ಹೆರಿಗೆ ಕೋಣೆಯ ಹೊಸ್ತಿಲವರೆಗೆ ಕಂಬಳಿ ಇರಬಹುದು. ಅಲ್ಲಿಂದ ಒಳಕ್ಕೆ ನಾವು ಕೊಟ್ಟ ಹಸಿರು ಗೌನು. ಕಂಬಳಿಯನ್ನು ಅವರ ಕಣ್ಣಿಗೆ ಕಾಣುವಂತೆ ವರಾಂಡದ ಗೂಟಕ್ಕೆ ನೇತು ಹಾಕಿದೆವು.

ಚಿತ್ತಮ್ಮನನ್ನು ಮಲಗಿಸಲಿಲ್ಲ. ಅತ್ತೆ ಸೊಸೆ ಇಬ್ಬರೂ ವರಾಂಡದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದರು. ನೋವು ಬಂದಾಗ ಸೊಸೆ ಗೋಡೆ ಹಿಡಿದು ಬಗ್ಗುತ್ತಿದ್ದಳು, ಅತ್ತೆ ಮುಷ್ಟಿಯಿಂದ ಸೊಂಟ ಒತ್ತುತ್ತಿದ್ದರು. ಆಗಾಗ ನಾನು ಮಗುವಿನ ಎದೆಬಡಿತ ನೋಡುತ್ತಿದ್ದೆ, ನೀರು ಕುಡಿಸುತ್ತಿದ್ದೆ. ನೋವು ಹತ್ತಿರ ಹತ್ತಿರ ಬರತೊಡಗಿದಾಗ ಚಿತ್ತಮ್ಮ ಕಿರುಚಿದಳು.

"ನಿಮ್ಮ ಮಗನ್ನ ಕರೀರಿ! ಉಳಿದಿದ್ದು ಅವನೇ ಹೆರ್ಲಿ!"

ನಾನು ಬೆಚ್ಚಿದೆ. ಈರಕ್ಕ ಮಾತ್ರ ಒತ್ತುತ್ತಲೇ ಇದ್ದರು. "ಬೈಯವ್ವ, ಬೈಯಿ. ಅವನು ಹುಟ್ಟಬೇಕಾದ್ರೆ ನಾನು ಅವರಪ್ಪನ್ನ ಇದಕ್ಕಿಂತ ಜೋರಾಗಿ ಬೈದಿದ್ದೆ. ಕೇಳಸ್ಕಣಾಕೆ ಯಾರೂ ಇರ್ಲಿಲ್ಲ ಅಷ್ಟೇ."

ಹಿಂದಿನಿಂದ ಒಂದು ಸದ್ದು ಬಂತು. ತಿರುಗಿ ನೋಡಿದರೆ ವಿಮಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ಕೊನೆಯಲ್ಲಿ ಚಿತ್ತಮ್ಮ ಮಂಚದ ಮೇಲೆ ಅರ್ಧ ಕೂತಳು. ಈರಕ್ಕ ಹಿಂದಿನಿಂದ ಅವಳ ಭುಜ ಹಿಡಿದು ತಮ್ಮ ಎದೆಗೆ ಒರಗಿಸಿಕೊಂಡರು. ಅದೇ ಹೊತ್ತಿಗೆ ಅವರಿಗೆ ಏನನ್ನಿಸಿತೋ, ಹಿಡಿತ ಸಡಿಲಿಸಿ ಬಾಗಿಲ ಕಡೆ ನೋಡಿದರು. ಬೆಳಿಗ್ಗೆ ಬಾಗಿಲಲ್ಲಿ ಅವರನ್ನು ತಡೆದಿದ್ದ ವಿಮಲಮ್ಮನೇ ಈಗ ಹೇಳಿದರು, "ಬಿಡಬ್ಯಾಡ್ರಿ ಈರಕ್ಕ. ಗಟ್ಟಿಯಾಗಿ ಹಿಡ್ಕಳ್ರಿ ಅವ್ಳನ್ನ."

ಹೆಣ್ಣುಮಗು. ಸಣ್ಣಗಿತ್ತು. ನಾನು ಒರೆಸುತ್ತಿದ್ದಂತೆಯೇ ಕಿಟಾರನೆ ಅತ್ತಿತು. ತಾಯಿಯ ಎದೆಯ ಮೇಲೆ ಹಾಕಿ ಬೆಚ್ಚಗೆ ಮುಚ್ಚಿದೆವು. ಗಂಡೋ ಹೆಣ್ಣೋ ಎಂದು ಈರಕ್ಕ ಕೇಳಲೇ ಇಲ್ಲ. "ಕೂಗ್ತಲ್ಲ, ಸಾಕು" ಎಂದರು. ಆಗ ನನಗೆ ಗೊತ್ತಾಯಿತು, ಮೊದಲ ಕೂಸನ್ನು ಅವರೂ ಮರೆತಿರಲಿಲ್ಲ.

ಆದರೆ ಅರ್ಧ ಕೆಲಸವಷ್ಟೇ ಆಗಿತ್ತು. ಕೂಸಿನ ತೂಕ ಕಡಿಮೆ. ಸ್ವಲ್ಪ ಗಟ್ಟಿಯಾಗುವವರೆಗೆ ಇಲ್ಲೇ ಇರಬೇಕು, ಆಮೇಲೂ ಚಳಿ ತಾಕಬಾರದು ಎಂದರು ಡಾಕ್ಟ್ರಮ್ಮ. ತಾಯಿಯ ಎದೆಗೆ ಕೂಸಿನ ಬರಿಮೈ ಅಂಟಿರುವಂತೆ ಬಟ್ಟೆ ಕಟ್ಟಿಕೊಳ್ಳುವುದನ್ನು ನಾನು ತೋರಿಸಿಕೊಟ್ಟೆ. ಚಿತ್ತಮ್ಮ ಉಣ್ಣುವಾಗ, ಮೀಯುವಾಗ ಈರಕ್ಕ ಕಟ್ಟಿಕೊಳ್ಳುತ್ತಿದ್ದರು. ಹೊರಗೆ ಹೋಗಲು ಎದ್ದಾಗಲೂ ಬಿಚ್ಚಲು ಮನಸ್ಸಿಲ್ಲ. "ಕೆಳಗಿಟ್ರೆ ಅಳ್ತೈತೆ" ಎನ್ನುತ್ತಿದ್ದರು. ಅಳುತ್ತಿರಲಿಲ್ಲ. ಗುಡಿಸಲಿನ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಚಿತ್ತಮ್ಮ ದಿನವೂ ನನ್ನ ಮುಖ ನೋಡುತ್ತಿದ್ದಳು.

ಇತ್ತ ಹಟ್ಟಿಯಲ್ಲಿ ಒಲೆ ಗಂಡಸರ ಕೈಗೆ ಬಿದ್ದಿತ್ತು. ಅಕ್ಕಪಕ್ಕದವರು ಒಂದೆರಡು ಹೊತ್ತು ಅನ್ನ ಕೊಟ್ಟರಂತೆ. ಮರಿ ಹಾಕುವ ಕಾಲ, ಎಲ್ಲರಿಗೂ ಅವರವರ ದೊಡ್ಡಿಯ ಗಡಿಬಿಡಿ, ಆಮೇಲೆ ಯಾರು ಕೊಡುತ್ತಾರೆ? ಒಂದು ದಿನ ಚಿತ್ತಮ್ಮನ ಗಂಡ ತಿಮ್ಮಣ್ಣ ಆಸ್ಪತ್ರೆಯ ಕಾಂಪೌಂಡಿನಾಚೆ ನಿಂತು ಕೂಗಿದ. ಒಳಗೆ ಬಂದರೆ ಮುಟ್ಟಿದಂತಾಗುತ್ತದಲ್ಲ.

"ಅವ್ವಾ! ಸಾರಿಗೆ ಹುಣಸೆಹಣ್ಣು ಮೊದ್ಲಾ, ಉಪ್ಪು ಮೊದ್ಲಾ?"

ಕಿಟಕಿಯಿಂದ ಈರಕ್ಕ ಕೂಗಿದರು, "ನೀರು ಮೊದ್ಲು ಕಣ್ಲೇ!"

ಇಡೀ ವಾರ್ಡು ನಕ್ಕಿತು. ಹೊಲಿಗೆ ಹಾಕಿಸಿಕೊಂಡಿದ್ದ ಬಾಣಂತಿಯೊಬ್ಬಳು, "ನಗಿಸ್ಬ್ಯಾಡಜ್ಜಿ, ನೋಯ್ತೈತೆ" ಎಂದು ಬೇಡಿಕೊಂಡಳು.

ಆಮೇಲೆ ಕರಿಯಪ್ಪನೇ ಬಂದರು. ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂತರು. ಹೊಗೆಗೆ ಕಣ್ಣು ಕೆಂಪಾಗಿತ್ತು, ಬೆರಳಿಗೆ ಬೊಬ್ಬೆ ಬಂದಿತ್ತು. ಈರಕ್ಕ ಕೂಸನ್ನು ಎದೆಗೆ ಕಟ್ಟಿಕೊಂಡು ದೂರದಲ್ಲಿ ನಿಂತರು. ನಾನೂ ಜೊತೆಗಿದ್ದೆ.

"ಮುದ್ದೆ ಬರೀ ಗಂಟಾಗ್ತೈತೆ ಕಣೇ. ನಾಯಿಗೆ ಹಾಕಿದ್ರೆ ನಾಯಿ ನನ್ನ ಮುಖಾನೇ ನೋಡ್ತು."

"ಎಸರು ಕುದ್ದಿತ್ತಾ?"

"ಕುದಿಯೋವರ್ಗೂ ಕಾಯಾಕೆ ಹೊಟ್ಟೆ ಬಿಡ್ಬೇಕಲ್ಲ! ಯಾವತ್ತು ಬರ್ತೀಯ ಹೇಳು."

"ನಾನೆಲ್ಲಿ ಬರ್ಲಿ? ಮುಟ್ಟಿದೋಳಲ್ವಾ? ಇಲ್ಲಿಂದ ಬಿಟ್ಮೇಲೆ ಸೊಸೆ ಜೊತೆ ಗುಡ್ಲಲ್ಲಿ ಕುಂತ್ಕತೀನಿ. ನಿನ್ನ ಕಟ್ಟು ಮುಗಿಯೋವರ್ಗೂ ನೀನು ಮುದ್ದೆ ತಿರುವ್ತಿರು."

ಕರಿಯಪ್ಪ ಬೊಬ್ಬೆ ಬಂದ ಬೆರಳನ್ನು ಊದಿಕೊಂಡರು. ಆಮೇಲೆ ನನ್ನನ್ನು ಕೇಳಿದರು. "ಕೂಸು ಹೆಂಗೈತೆ ತಾಯಿ?"

"ಚೆನ್ನಾಗೈತೆ. ಗುಡ್ಲಿಗೆ ಒಯ್ದು ಚಳಿ ಹೊಡೆದ್ರೆ ನಾನೇನೂ ಹೇಳಾಕಾಗಲ್ಲ."

ಅವರು ಎದ್ದು ಹೋದರು. ಮತ್ತೆ ಬಂದಾಗ ಮುಖದಲ್ಲಿ ನ್ಯಾಯ ಹೇಳುವವರ ಗತ್ತು ಇತ್ತು.

"ಹಟ್ಟಿಯೋರೆಲ್ಲ ಕುಂತು ಮಾತಾಡಿದ್ವಿ. ಕಟ್ಟು ಏನನ್ನತೈತೆ? ಹಟ್ಟಿ ಹೊರಗಿರ್ಬೇಕು ಅನ್ನತೈತೆ. ಗುಡ್ಲಲ್ಲೇ ಇರ್ಬೇಕು ಅಂತ ಎಲ್ಲೈತೆ? ಆಸ್ಪತ್ರೆ ಹಟ್ಟಿ ಹೊರಗೇ ತಾನೆ ಐತೆ? ಇಲ್ಲಿದ್ದ ದಿನಾನೂ ಹೊರಗಿದ್ದಂಗೇ. ಸ್ನಾನ ಮಾಡ್ಕಂಡು ಬರ್ಲಿ, ನೀರು ಹಾಕಿ ಮನೆಗೇ ಕರ್ಕಂತೀವಿ."

"ಎಲ್ರೂ ಒಪ್ಪಿದ್ರಾ?" ಎಂದೆ, ನಂಬಲಾಗದೆ.

"ಒಬ್ಬಿಬ್ರು ಮುದುಕ್ರು ತಕರಾರು ತೆಗೆದ್ರು. ಅವ್ರನ್ನ ನಮ್ಮನೇಲೇ ಉಂಬಾಕೆ ಕೂರಿಸ್ದೆ. ಆಮೇಲೆ ಒಪ್ಕಂಡ್ರು."

ಈರಕ್ಕ ನಗಲಿಲ್ಲ. ಸೆರಗಿನಿಂದ ಕೂಸಿನ ತಲೆ ಮುಚ್ಚಿ ಒಳಗೆ ಹೋಗಿ ಚಿತ್ತಮ್ಮನ ಪಕ್ಕದಲ್ಲಿ ಕೂತರು. ಅವರು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಚಿತ್ತಮ್ಮ ಅತ್ತೆಯ ತೊಡೆಯಲ್ಲಿ ಮುಖ ಇಟ್ಟಳು.

ಒಂದು ಹಟ್ಟಿಯ ಕಟ್ಟು ಸಡಿಲವಾಗಲು ಅಷ್ಟೇ ಸಾಕಾಯಿತೇ ಎಂದು ಕೇಳಬೇಡಿ. ಇನ್ನೂ ಗುಡಿಸಲಿಗೇ ಕಳಿಸಿದ ಮನೆಗಳಿದ್ದವು. ಆ ಕಡೆಗೆ ಹೋಗಿ ಗಂಟಲು ಒಣಗಿಸಿಕೊಂಡು ಬರಿಗೈಯಲ್ಲಿ ಬಂದದ್ದೂ ಉಂಟು. ಆದರೆ ನಮ್ಮ ಹೆರಿಗೆ ಕೋಣೆಯಲ್ಲಿ ಆಮೇಲೆ ಯಾರೂ ಒಬ್ಬರೇ ಹೆರಲಿಲ್ಲ. ಬಸುರಿಯ ಹಿಂದೆ ಯಾರೂ ಬರದಿದ್ದರೆ ವಿಮಲಮ್ಮನೇ ಬಾಗಿಲಲ್ಲಿ ನಿಂತು, "ಎಲ್ರಮ್ಮ ನಿಮ್ಮೋರು? ಕರೀರಿ ಒಳಿಕ್ಕೆ" ಎಂದು ಗದರುತ್ತಿದ್ದರು. ಗದರುವುದನ್ನು ಮಾತ್ರ ಅವರು ಬಿಡಲಿಲ್ಲ.

ಕೂಸು ಗಟ್ಟಿಯಾದ ಮೇಲೆ ಮನೆಗೆ ಕಳಿಸಿದ ದಿನ ನಾನೂ ಅವರ ಜೊತೆ ಹೋದೆ. ಬಿಸಿಲು ಏರಿತ್ತು. ಹಟ್ಟಿಯ ಅಂಚಿನಲ್ಲಿ ಆ ಗುಡಿಸಲು ಎದುರಾಯಿತು. ತಗ್ಗು ಬಾಗಿಲು, ಒಳಗೆ ಕತ್ತಲೆ. ಚಿತ್ತಮ್ಮನ ಕಾಲುಗಳು ಅಲ್ಲೇ ನಿಂತವು. ಅವಳು ಅಳಲಿಲ್ಲ, ನೋಡುತ್ತಾ ನಿಂತಳು. ನಾವ್ಯಾರೂ ಅವಸರ ಮಾಡಲಿಲ್ಲ. ಈರಕ್ಕ ಅವಳ ಮೊಣಕೈ ಹಿಡಿದುಕೊಂಡು ತಾವೂ ಅವಳ ಜೊತೆ ನಿಂತರು. ಆಮೇಲೆ ಚಿತ್ತಮ್ಮನೇ, "ಹೋಗಾಣ ಅತ್ತೆಮ್ಮ" ಎಂದಳು.

ಹಟ್ಟಿಯ ಬಾಗಿಲಲ್ಲಿ ಕರಿಯಪ್ಪ ಚೊಂಬು ಹಿಡಿದು ನಿಂತಿದ್ದರು. ಸೊಸೆಯ ಕಾಲಿಗೆ, ಹೆಂಡತಿಯ ಕಾಲಿಗೆ ನೀರು ಹಾಕಿದರು. ಕೂಸಿನ ಮೇಲೆ ಚಿಮುಕಿಸಲು ಕೈ ಎತ್ತಿದವರು ಹಾಗೇ ತಡೆದು ನನ್ನ ಕಡೆ ನೋಡಿದರು.

"ತಣ್ಣೀರು ತಾಯಿ. ಹಾಕ್ಬೌದಾ?"

ನಾನು ಬಾಯಿ ತೆರೆಯುವ ಮೊದಲೇ ಚಿತ್ತಮ್ಮ, "ಬ್ಯಾಡ ಮಾವ, ಚಳಿ ಆಗ್ತೈತೆ" ಎಂದಳು. ಹಟ್ಟಿಯವರೆಲ್ಲ ನೋಡುತ್ತಿದ್ದರು. ಕರಿಯಪ್ಪ ಚೊಂಬು ಕೆಳಗಿಟ್ಟು ದಾರಿ ಬಿಟ್ಟರು. ಅವಳು ಕೂಸನ್ನು ಎದೆಗೆ ಅವಚಿಕೊಂಡು ನೇರವಾಗಿ ಮನೆಯೊಳಗೆ ಹೋದಳು.

ನಿಮ್ಮ ಹೆರಿಗೆಯ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಿದ್ದರು? ಏನು ಹೇಳಿದರು, ನೀವು ಯಾರನ್ನು ಬೈದಿರಿ? ಯಾರೂ ಇರಲಿಲ್ಲವಾದರೆ ಯಾರು ಇರಬೇಕಿತ್ತು ಅನ್ನಿಸಿತು? ಈ ಕೆಲಸದಲ್ಲಿರುವವರು ನಿಮ್ಮ ವಾರ್ಡಿನ ಅತ್ತೆ, ಅಮ್ಮ, ಅಕ್ಕಂದಿರ ಬಗ್ಗೆ ಹೇಳಿ. ಗಂಡಸರೂ ಬರೆಯಿರಿ, ಆ ದಿನಗಳಲ್ಲಿ ಮನೆಯಲ್ಲಿ ಒಲೆ ಹಚ್ಚಿದವರು ನೀವೇ ಆಗಿದ್ದರೆ ಇನ್ನೂ ಒಳ್ಳೆಯದು. ಕೆಳಗೆ ಬರೆದು ಹಾಕಿ, ಒಂದೊಂದನ್ನೂ ಕೂತು ಓದುತ್ತೇನೆ.